ಪುಟಾಣಿಗಳ ಜೊತೆ ಭಯದ ಸಿನಿಮಾಕ್ಕೆ ಹೊರಟಿದ್ದೀರಾ?

2025ರ ಜುಲೈ 25ರಂದು ತೆರೆಗೆ ಬಂದ ‘ಮಹಾವತಾರ್ ನರಸಿಂಹ’ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಹೊಸದೊಂದು ಪ್ರಶ್ನೆ ತಂದಿಟ್ಟಿತು. ಅದು ಅನಿಮೇಷನ್ ಸಿನಿಮಾ, ದೇವರ ಕಥೆ, ಸಾಲದ್ದಕ್ಕೆ ಕನ್ನಡದಲ್ಲೇ ಬಂದಿತ್ತು. ಇಂಥ ಸಿನಿಮಾ ಎಂದರೆ ಅಜ್ಜಿ ತಾತನಿಂದ ಅಂಗನವಾಡಿ ಮಗುವಿನವರೆಗೆ ಮನೆಮಂದಿಯೆಲ್ಲ ಹೊರಡುವುದು ಸಹಜ. ಆದರೆ ಒಳಗೆ ಕೂತ ಮೇಲೆ ಕಾಣುವುದು ಹೋಲಿಕಾಳ ಬೆಂಕಿ, ಮಗನನ್ನೇ ಕೊಲ್ಲಲು ಹೊರಟ ಅಪ್ಪ, ಕಂಬ ಸೀಳಿ ಬರುವ ಸಿಂಹದ ಮುಖ. ಇಂಥ ಹೊತ್ತಿನಲ್ಲಿ ನಾಲ್ಕು ವರ್ಷದ ತಮ್ಮ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸುತ್ತಾನೆ, ಪಕ್ಕದ ಸೀಟಿನ ಒಂಬತ್ತು ವರ್ಷದ ಅಕ್ಕ ರೆಪ್ಪೆ ಮಿಟುಕಿಸದೆ ನೋಡುತ್ತಾಳೆ. ಇಬ್ಬರಿಗೂ ಒಂದೇ ಸಿನಿಮಾ ತೋರಿಸುವುದು ಹೇಗೆ?

ಮಕ್ಕಳಿಗೆ ಭಯದ ಕಥೆಯೇ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭಯಪಡುವುದು, ಭಯಪಟ್ಟ ಮೇಲೂ ಏನೂ ಆಗಲಿಲ್ಲ ಎಂದು ಕಂಡುಕೊಳ್ಳುವುದು ಬೆಳೆಯುವ ಮಗುವಿಗೆ ಬೇಕಾದ ಅನುಭವ. ಆದರೆ ಆ ಭಯ ಆಟವಾಗುವುದೋ ಗಾಯವಾಗುವುದೋ ಎಂಬುದನ್ನು ತೀರ್ಮಾನಿಸುವುದು ಸಿನಿಮಾಕ್ಕಿಂತ ಹೆಚ್ಚಾಗಿ ಜೊತೆಗಿರುವ ದೊಡ್ಡವರ ತಯಾರಿ. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ತಯಾರಿಯನ್ನು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು ಸರ್ಟಿಫಿಕೇಟ್ ನೋಡಿ

ಕಾರ್ಟೂನು ಎಂದ ಮಾತ್ರಕ್ಕೆ ಚಿಕ್ಕ ಮಕ್ಕಳ ಸಿನಿಮಾ ಎಂದು ನಂಬಬೇಡಿ. ಸಿನಿಮಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಯಿತು. 2024ರ ನವೆಂಬರ್‌ನಿಂದ ಸೆನ್ಸಾರ್ ಮಂಡಳಿ ‘ಯುಎ’ ದರ್ಜೆಯನ್ನು ಮೂರಾಗಿ ಒಡೆದು ಕೊಡುತ್ತಿದೆ: ಯುಎ 7+, ಯುಎ 13+, ಯುಎ 16+. ಹಿಂದಿನ ಹಾಗೆಯೇ ‘ಯು’ ಎಲ್ಲರಿಗೂ, ‘ಎ’ 18 ತುಂಬಿದವರಿಗೆ ಮಾತ್ರ. ಪೋಸ್ಟರಿನ ಮೂಲೆಯಲ್ಲಿ, ಮೊಬೈಲ್ ಬುಕಿಂಗ್ ಆ್ಯಪ್‌ನಲ್ಲಿ ಸಿನಿಮಾದ ಹೆಸರಿನ ಪಕ್ಕದಲ್ಲಿ ಈ ಗುರುತು ಇರುತ್ತದೆ. ಹಳೆಯ ಸಿನಿಮಾ ಮತ್ತೆ ಬಿಡುಗಡೆಯಾದರೆ ಬರೀ ‘ಯುಎ’ ಎಂದಷ್ಟೇ ಇರಬಹುದು.

‘ಎ’ ಸಿನಿಮಾಕ್ಕೆ ಮಗುವನ್ನು ಬಿಡುವಂತಿಲ್ಲ. ಯುಎ ಹಾಗಲ್ಲ. ಅಲ್ಲಿರುವ ಅಂಕಿ ಹೆತ್ತವರಿಗೆ ಕೊಟ್ಟ ಸಲಹೆ ಮಾತ್ರ. ಐದು ವರ್ಷದ ಮಗುವನ್ನು ಯುಎ 13+ ಸಿನಿಮಾಕ್ಕೆ ಕರೆದುಕೊಂಡು ಹೋದರೆ ಗೇಟಿನಲ್ಲಿ ಯಾರೂ ತಡೆಯದೆ ಇರಬಹುದು. ಹಾಗಾಗಿ ತಡೆಯುವ ಕೆಲಸ ನಿಮ್ಮದೇ. ಯುಎ 7+ ಇದ್ದರೆ ಏಳಕ್ಕಿಂತ ಚಿಕ್ಕವರ ವಿಷಯದಲ್ಲಿ ಯೋಚಿಸಿ. ಯುಎ 13+ ಇದ್ದರೆ ಪ್ರೈಮರಿ ಸ್ಕೂಲಿನ ಮಕ್ಕಳನ್ನು ಮನೆಯಲ್ಲೇ ಬಿಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಟ್ರೇಲರ್. ಅದನ್ನು ಮೊದಲು ನೀವೊಬ್ಬರೇ ನೋಡಿ, ಆಮೇಲೆ ಬೆಳಕಿರುವ ಕೋಣೆಯಲ್ಲಿ, ಸೌಂಡು ಕಡಿಮೆ ಇಟ್ಟು ಮಗುವಿಗೆ ತೋರಿಸಿ. ಟ್ರೇಲರ್ ನೋಡುವ ಮಗುವಿನ ಮುಖವನ್ನು ನೋಡುತ್ತಿರಿ. ಇನ್ನೊಂದು ಸಲ ಹಾಕು ಎಂದು ಕೇಳಿದರೆ ಒಂದು ಉತ್ತರ. ಸುಮ್ಮನೆ ಎದ್ದು ಹೋಗಿ ಆಟದ ಸಾಮಾನು ಹುಡುಕಿದರೆ ಅದೂ ಒಂದು ಉತ್ತರವೇ.

ಯಾವ ವಯಸ್ಸಿಗೆ ಯಾವ ಭಯ

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋನ್ ಕ್ಯಾಂಟರ್ ಮಕ್ಕಳು ಟಿವಿ, ಸಿನಿಮಾ ನೋಡಿ ಹೆದರುವುದರ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದವರು. 1980ರ ದಶಕದಲ್ಲಿ ಅವರು ಗ್ಲೆನ್ ಸ್ಪಾರ್ಕ್ಸ್ ಜೊತೆ ಸೇರಿ ‘ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯನ್ನು ಮಕ್ಕಳಿಗೆ ತೋರಿಸಿ ಅವರ ಭಯವನ್ನು ಗಮನಿಸಿದರು. ಹಲ್ಕ್ ಒಳ್ಳೆಯವನು, ಕಷ್ಟದಲ್ಲಿರುವವರನ್ನು ಕಾಪಾಡುವವನು. ಆದರೂ ಮೂರರಿಂದ ಐದು ವರ್ಷದ ಮಕ್ಕಳು ಹೆಚ್ಚು ಹೆದರಿದ್ದು ಸಾದಾ ಮನುಷ್ಯ ಹಲ್ಕ್ ಆಗಿ ಬದಲಾದ ಮೇಲೆ. ದೊಡ್ಡ ಮಕ್ಕಳು ಹೆದರಿದ್ದು ಅದಕ್ಕೂ ಮುಂಚೆ, ಕಥೆಯಲ್ಲಿ ನಿಜವಾದ ಅಪಾಯ ಇದ್ದಾಗ. ಹಲ್ಕ್ ಬಂದ ಮೇಲೆ ಅವರಿಗೆ ಸಮಾಧಾನವಾಗಿತ್ತು.

ಇದನ್ನು ನರಸಿಂಹನ ಕಥೆಗೆ ಇಟ್ಟು ನೋಡಿ. ಕಂಬ ಒಡೆದು ಬರುವವನು ಪ್ರಹ್ಲಾದನನ್ನು ಕಾಪಾಡಲು ಬಂದ ದೇವರು ಎಂದು ಒಂಬತ್ತು ವರ್ಷದವಳಿಗೆ ಗೊತ್ತು, ಅವಳು ಚಪ್ಪಾಳೆ ತಟ್ಟುತ್ತಾಳೆ. ನಾಲ್ಕು ವರ್ಷದವನಿಗೆ ಕಾಣುವುದು ಕೋರೆಹಲ್ಲು, ಉಗುರು, ಗರ್ಜನೆ ಮಾತ್ರ. ‘ಅವನು ನಮ್ಮ ದೇವರು ಕಣೋ, ಯಾಕೆ ಹೆದರ್ತೀಯ’ ಎಂದು ಆ ಹೊತ್ತಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಕೆಲಸ ಮಾಡುವುದು ಮಾತಿಗಿಂತ ಮುಟ್ಟುವಿಕೆ: ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಕೈ ಹಿಡಿಯುವುದು, ಬಾಯಿಗೆ ಏನಾದರೂ ಕೊಡುವುದು, ಕಣ್ಣು ಮುಚ್ಚಿಕೊಳ್ಳಲು ಬಿಡುವುದು. ಏಳೆಂಟು ದಾಟಿದವರಿಗೆ ಕಾರಣ ಹೇಳಿದರೆ ನಾಟುತ್ತದೆ. ಆದರೆ ಅವರಿಗೆ ಬೇರೆ ಭಯಗಳಿವೆ: ಅಪ್ಪ ಅಮ್ಮ ದೂರವಾಗುವುದು, ಸಾವು, ಮನೆಯವರೇ ಕೆಟ್ಟವರಾಗುವುದು. ಹಿರಣ್ಯಕಶಿಪುವಿನ ರಾಕ್ಷಸ ರೂಪಕ್ಕೆ ಜಗ್ಗದ ಹುಡುಗಿ, ಅಪ್ಪನೇ ಮಗನನ್ನು ಕೊಲ್ಲಿಸಲು ಹೊರಟದ್ದು ನೋಡಿ ರಾತ್ರಿ ನಿದ್ದೆಗೆಡಬಹುದು.

ಕನ್ನಡದಲ್ಲಿದೆಯೇ ಎಂದು ಕೇಳಿ

ಇದನ್ನು ಬಹಳ ಮಂದಿ ಸಣ್ಣ ವಿಷಯ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದ ಹಂತ ಇದೇ.

ಮಾತು ಅರ್ಥವಾಗದ ಮಗುವಿಗೆ ಸಿನಿಮಾ ಎಂದರೆ ಬರೀ ಚಿತ್ರ ಮತ್ತು ಸದ್ದು. ದೆವ್ವ ಹೊರಗೆ ಬಂದು ‘ನನಗೂ ಯಾರೂ ಇಲ್ಲ, ಜೊತೆಗೆ ಆಟಕ್ಕೆ ಬರ್ತೀಯಾ’ ಎಂದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳುತ್ತದೆ ಎನ್ನಿ. ಮಾತು ತಿಳಿದ ಮಗು ನಗುತ್ತದೆ, ತಿಳಿಯದ ಮಗು ಕಿರುಚುತ್ತದೆ. ಮಕ್ಕಳ ಭಯದ ಸಿನಿಮಾಗಳಲ್ಲಿ ಭಯವನ್ನು ಇಳಿಸುವುದೇ ತಮಾಷೆಯ ಮಾತು. ಅದು ತಲುಪದಿದ್ದರೆ ಉಳಿಯುವುದು ಭಯವೊಂದೇ. ಇಂಗ್ಲಿಷ್ ಮೀಡಿಯಂ ಮಗುವಾದರೂ ಸಿನಿಮಾದ ವೇಗದ ಮಾತು ಹಿಡಿಯುವುದು ಕಷ್ಟ.

ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬಾರದಂತೆ ಚಿತ್ರರಂಗವೇ ಅಡ್ಡ ನಿಂತಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪು ಎಂದು ಆದೇಶಿಸಿದ ಮೇಲೆ ದಾರಿ ತೆರೆಯಿತು. ಹಾಗಿದ್ದರೂ ಹೊರದೇಶದ ಅನಿಮೇಷನ್ ಸಿನಿಮಾಗಳು ಕನ್ನಡದಲ್ಲಿ ಬರುವುದು ಅಪರೂಪ. 2023ರ ‘ಸ್ಪೈಡರ್ ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅವುಗಳಲ್ಲಿ ಕನ್ನಡವೂ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಜಪಾನಿನ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಹೆಸರಿನಲ್ಲೇ ರಾಕ್ಷಸರಿರುವ ಆ ಸಿನಿಮಾ ರಕ್ತಪಾತದ್ದು, ಚಿಕ್ಕ ಮಕ್ಕಳಿಗೆ ಯಾವ ಭಾಷೆಯಲ್ಲೂ ಸಲ್ಲದು. ಪೋಸ್ಟರಿನ ಬಣ್ಣ ನೋಡಿ ಮೋಸಹೋಗಬೇಡಿ.

ಕನ್ನಡದ ಆವೃತ್ತಿ ಇದ್ದೂ ಟಾಕೀಸಿನವರು ತೆಲುಗಿನದ್ದನ್ನೋ ಹಿಂದಿಯದ್ದನ್ನೋ ಹಾಕಿದ್ದರೆ ಕೌಂಟರಿನಲ್ಲಿ ಕೇಳಿ. ‘ಕನ್ನಡದ ಪ್ರಿಂಟ್ ತರಿಸಿ, ಮಕ್ಕಳನ್ನ ಕರ್ಕೊಂಡು ಬರ್ತೀವಿ’ ಎಂದು ನಾಲ್ಕು ಮನೆಯವರು ಹೇಳಿದರೆ ಅದು ಮ್ಯಾನೇಜರಿನ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದಾದರೆ, ಎಂಟಕ್ಕಿಂತ ಚಿಕ್ಕವರನ್ನು ಭಯದ ಸಿನಿಮಾಕ್ಕೆ ಒಯ್ಯಬೇಡಿ.

ಊರಿನ ಟಾಕೀಸೋ, ಮೈಸೂರಿನ ಮಾಲೋ

ಮಂಡ್ಯದಲ್ಲಿ ದಾರಿ ಹೇಳುವುದೇ ಟಾಕೀಸಿನ ಹೆಸರು ಹಿಡಿದು. ಸಂಜಯ ವೃತ್ತ, ಮಹಾವೀರ ವೃತ್ತ ಎಂದರೆ ಗೊತ್ತಿಲ್ಲದವರಿಲ್ಲ. ಒಂದೇ ಪರದೆಯ ಇಂಥ ಚಿತ್ರಮಂದಿರಗಳಲ್ಲಿ ಮಕ್ಕಳ ಸಿನಿಮಾ ಒಂದು ವಾರ ನಿಂತರೆ ಹೆಚ್ಚು. ಶುಕ್ರವಾರ ಸ್ಟಾರ್ ಸಿನಿಮಾ ಬಂದರೆ ಅನಿಮೇಷನ್ ಸಿನಿಮಾ ಬೆಳಗಿನ ಆಟಕ್ಕೆ ಇಳಿಯುತ್ತದೆ, ಇಲ್ಲವೇ ತೆಗೆದೇ ಹಾಕುತ್ತಾರೆ. ಹಾಗಾಗಿ ಹೊರಡುವ ದಿನವೇ ಆಟದ ಸಮಯ ವಿಚಾರಿಸಿಕೊಳ್ಳಿ. ಮದ್ದೂರು, ಮಳವಳ್ಳಿಯವರಿಗೆ ತಮ್ಮ ಊರಿನ ಟಾಕೀಸಿನಲ್ಲಿ ಆ ಸಿನಿಮಾ ಸಿಗದಿದ್ದರೆ ಮಂಡ್ಯ, ಅಲ್ಲೂ ಇಲ್ಲದಿದ್ದರೆ ಮೈಸೂರಿನ ಮಲ್ಟಿಪ್ಲೆಕ್ಸ್.

ಚಿಕ್ಕ ಮಗುವಿನ ಮೊದಲ ಭಯದ ಸಿನಿಮಾಕ್ಕೆ ನಾನು ಊರಿನ ಟಾಕೀಸನ್ನೇ ಹೇಳುತ್ತೇನೆ. ಅಲ್ಲಿ ಅಕ್ಕಪಕ್ಕದವರು ಮಾತಾಡುತ್ತಾರೆ, ಮಕ್ಕಳು ಓಡಾಡುತ್ತವೆ, ಯಾರೋ ಶಿಳ್ಳೆ ಹಾಕುತ್ತಾರೆ. ಮಲ್ಟಿಪ್ಲೆಕ್ಸಿನಲ್ಲಿ ತೊಂದರೆ ಎನಿಸುವ ಈ ಗದ್ದಲವೇ ಹೆದರಿದ ಮಗುವಿಗೆ ‘ಇಲ್ಲಿ ಜನ ಇದ್ದಾರೆ’ ಎಂಬ ಧೈರ್ಯ. ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಬಂದರೆ ಮುಖ ತಿರುಗಿಸಿ ನೋಡುವವರೂ ಕಡಿಮೆ. ಮೈಸೂರಿಗೆ ಹೋದರೆ ಪರದೆ, ಸೀಟು, ಶೌಚಾಲಯ ಎಲ್ಲ ಚೆನ್ನಾಗಿರುತ್ತದೆ. ಆದರೆ ಅಷ್ಟು ದೂರ ಬಂದು ಅಷ್ಟು ದುಡ್ಡು ಕೊಟ್ಟ ಮೇಲೆ ಮಧ್ಯದಲ್ಲಿ ಎದ್ದು ಬರಲು ದೊಡ್ಡವರಿಗೇ ಮನಸ್ಸಾಗುವುದಿಲ್ಲ.

ಆಟ ಆರಿಸುವಾಗ ಬೆಳಗಿನ ಆಟ ಅಥವಾ ಮ್ಯಾಟಿನಿ ಇರಲಿ. ಹೊರಗೆ ಬಂದಾಗ ಬಿಸಿಲು ಕಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮಲಗುವ ಹೊತ್ತಿಗೆ ಇನ್ನೂ ನಾಲ್ಕೈದು ಗಂಟೆ ಇರುವುದರಿಂದ ಆಟ, ಊಟ, ಮಾತಿಗೆ ಸಮಯ ಸಿಗುತ್ತದೆ. ಸೆಕೆಂಡ್ ಶೋ ಬೇಡ. ಮಳವಳ್ಳಿಗೆ ರೈಲಿಲ್ಲ, ಮಂಡ್ಯದಿಂದ ಸುಮಾರು 40 ಕಿಲೋಮೀಟರ್ ದಾರಿ. ರಾತ್ರಿ ಸಿಕ್ಕುವ ಬಸ್ಸನ್ನು ನೆಚ್ಚಿಕೊಂಡು ಮಕ್ಕಳೊಂದಿಗೆ ಹೋಗುವುದು ಜಾಣತನವಲ್ಲ. ಬೈಕಿನಲ್ಲಿ ಹೋಗುವವರು ನೆನಪಿಡಬೇಕಾದದ್ದು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಇದೇ ರಸ್ತೆಗಳಲ್ಲಿ ನಿಂತಿರುತ್ತವೆ. ಮಗುವನ್ನು ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡು ರಾತ್ರಿ ಆ ದಾರಿಯಲ್ಲಿ ಬರುವುದಿದೆಯಲ್ಲ, ಯಾವ ದೆವ್ವದ ಸಿನಿಮಾಕ್ಕಿಂತಲೂ ಅಪಾಯ ಅದು.

ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಿಂದ ಮನೆಯ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಮದ್ದೂರಿನವರಿಗೂ ಮಂಡ್ಯದವರಿಗೂ ಮೈಸೂರಿಗೆ ರೈಲೂ ಇದೆ.

ಟಿಕೆಟ್ ಮತ್ತು ಸೀಟು

2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕಿಂತ ಮೇಲಿನದಕ್ಕೆ ಶೇ 18. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ದರವನ್ನು ಆಯಾ ದಿನವೇ ನೋಡಿ. ಆನ್‌ಲೈನಿನಲ್ಲಿ ತೆಗೆದರೆ ಬುಕಿಂಗ್ ಶುಲ್ಕ ಬೇರೆ, ಕೌಂಟರಿನಲ್ಲಿ ತೆಗೆದರೆ ಅದು ಉಳಿಯುತ್ತದೆ. ಮಲ್ಟಿಪ್ಲೆಕ್ಸುಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಮಗುವಿಗೂ ಟಿಕೆಟ್ ಬೇಕು.

ದುಡ್ಡು ಉಳಿಸಲು ಗಾಂಧಿ ಕ್ಲಾಸಿನಲ್ಲಿ ಕೂರಬೇಡಿ. ಮುಂದಿನ ಸಾಲಿನಲ್ಲಿ ಪರದೆ ಮಗುವಿನ ಕಣ್ಣನ್ನು ಪೂರ್ತಿ ತುಂಬುತ್ತದೆ, ರಾಕ್ಷಸ ಮೈಮೇಲೇ ಬಂದ ಹಾಗಾಗುತ್ತದೆ. ಬಾಲ್ಕನಿಯಲ್ಲೋ ಹಿಂದಿನ ಸಾಲುಗಳಲ್ಲೋ ಕೂತರೆ ಪರದೆಯ ಸುತ್ತಲಿನ ಗೋಡೆ, ಮುಂದಿನವರ ತಲೆ, ಬಾಗಿಲಿನ ಮೇಲಿನ ದೀಪ ಎಲ್ಲ ಕಾಣುತ್ತವೆ. ಇದು ಸಿನಿಮಾ ಅಷ್ಟೇ ಎಂದು ಮಗುವಿಗೆ ನೆನಪಿಸುವುದು ಅವೇ. ನಡೆದಾಡುವ ದಾರಿಗೆ ಅಂಟಿಕೊಂಡ ಸೀಟು ತೆಗೆದುಕೊಳ್ಳಿ, ಆದರೆ ಗೋಡೆಯ ಪಕ್ಕದ್ದಲ್ಲ. ಗೋಡೆಯಲ್ಲಿ ಸ್ಪೀಕರ್ ಇರುತ್ತವೆ, ಭಯದ ಸಿನಿಮಾದಲ್ಲಿ ಪಿಸುಮಾತೂ ಹೆಜ್ಜೆಸಪ್ಪಳವೂ ಅಲ್ಲಿಂದಲೇ ಕಿವಿಯ ಹಿಂದೆ ಬರುತ್ತವೆ.

ಚಿಕ್ಕವರಿದ್ದರೆ 3ಡಿ ಬಿಟ್ಟು 2ಡಿ ಆಟ ನೋಡಿ. ದೊಡ್ಡವರ ಅಳತೆಯ ಕನ್ನಡಕ ಮಗುವಿನ ಮೂಗಿನ ಮೇಲೆ ನಿಲ್ಲುವುದಿಲ್ಲ. ಜಾರಿದಾಗ ಚಿತ್ರ ಎರಡಾಗಿ ಕಂಡು ತಲೆನೋವು ಬರುತ್ತದೆ.

ಕೈಚೀಲದಲ್ಲಿ ಏನಿರಲಿ

ಎ.ಸಿ. ಚಳಿಗೆ ಒಂದು ಶಾಲು. ಅದೇ ಮುಖ ಮುಚ್ಚಿಕೊಳ್ಳಲೂ ಆಗುತ್ತದೆ. ಕಿವಿಗೆ ಹತ್ತಿ. ಮಗುವಿಗೆ ಅಭ್ಯಾಸವಾದ ಗೊಂಬೆಯೋ ಕರವಸ್ತ್ರವೋ. ಬದಲಿ ಚಡ್ಡಿ ಒಂದು, ಯಾಕೆಂದರೆ ಹೆದರಿದ ಚಿಕ್ಕ ಮಕ್ಕಳು ಉಚ್ಚೆ ಹೊಯ್ದುಕೊಳ್ಳುವುದುಂಟು, ಅದಕ್ಕೆ ಬೈಯುವ ಮಾತೇ ಬೇಡ.

ತಿಂಡಿಯ ವಿಷಯದಲ್ಲಿ ಕಾನೂನು ತಿಳಿದಿರಲಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರಕ್ಕಿದೆ, ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಹಸುಗೂಸಿಗೆ ಬೇಕಾದ ಆಹಾರವನ್ನು ಹಿತಮಿತವಾಗಿ ತರುವುದಕ್ಕೆ ಅಡ್ಡಿ ಮಾಡಬಾರದು. ಗೇಟಿನಲ್ಲಿ ಮಗುವಿನ ಹಾಲಿನ ಬಾಟಲಿಯನ್ನೋ ರಾಗಿ ಸರಿಯ ಡಬ್ಬಿಯನ್ನೋ ತಡೆದರೆ ಜಗಳವಾಡದೆ ಇದನ್ನು ಹೇಳಿ, ಮ್ಯಾನೇಜರನ್ನು ಕರೆಸಿ. ಮಿಕ್ಕವರ ಹಸಿವಿಗೆ ಹೊರಡುವ ಮುಂಚೆ ಊಟ ಮಾಡಿಸಿಬಿಡುವುದೇ ಸರಿ. ಹಸಿದ ಮಗುವಿಗೆ ಭಯವೂ ಬೇಗ, ಅಳುವೂ ಬೇಗ.

ಕಥೆಯನ್ನು ಮೊದಲೇ ಹೇಳಿ, ಕೊನೆಯನ್ನೂ ಹೇಳಿ

ಕೊನೆ ಹೇಳಿಬಿಟ್ಟರೆ ಸ್ವಾರಸ್ಯ ಹೋಗುತ್ತದೆ ಎಂಬುದು ದೊಡ್ಡವರ ಲೆಕ್ಕ. ಮಕ್ಕಳು ಒಂದೇ ಕಥೆಯನ್ನು ನೂರು ಸಲ ಕೇಳುವವರು, ಕೊನೆ ಗೊತ್ತಿರುವುದೇ ಅವರಿಗೆ ಸುಖ. ಮೂರು ವಿಷಯ ಹೇಳಿಕೊಡಿ: ಯಾರು ಕೆಟ್ಟವರು, ಎಲ್ಲಿ ಭಯವಾಗುತ್ತದೆ, ಕೊನೆಗೆ ಯಾರು ಉಳಿಯುತ್ತಾರೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರ ಭಾಗ್ಯ ದೊಡ್ಡದು. ನರಸಿಂಹನ ಮೂರು ಮುಖಗಳು ನಮ್ಮ ಕೈಯಳತೆಯಲ್ಲೇ ಇವೆ. ಮದ್ದೂರಿನಲ್ಲಿ ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡ ಉಗ್ರನರಸಿಂಹ. ಮಳವಳ್ಳಿಯ ಪಕ್ಕ ಮಾರೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ. ಮೇಲುಕೋಟೆಯ ಬೆಟ್ಟದ ಮೇಲೆ ಯೋಗಕ್ಕೆ ಕೂತ ನರಸಿಂಹ. ಸಿನಿಮಾಕ್ಕೆ ಮುಂಚಿನ ವಾರ ಮಗುವನ್ನು ಮದ್ದೂರಿನ ಗುಡಿಗೆ ಕರೆದುಕೊಂಡು ಹೋಗಿ, ಹಗಲಿನಲ್ಲಿ, ಅರ್ಚಕರು ಆರತಿ ಎತ್ತಿದಾಗ ಆ ಮುಖವನ್ನು ತೋರಿಸಿ. ಸುತ್ತ ದೊಡ್ಡವರು ಕೈಮುಗಿದು ನಿಂತಿರುವುದನ್ನು, ಅಜ್ಜಿ ಕಣ್ಣಿಗೆ ಆರತಿ ಒತ್ತಿಕೊಳ್ಳುವುದನ್ನು ಮಗು ನೋಡುತ್ತದೆ. ಈ ಕೋರೆಹಲ್ಲು ನಮ್ಮನ್ನು ಕಚ್ಚುವುದಕ್ಕಲ್ಲ ಎಂಬುದು ಯಾರ ವಿವರಣೆಯೂ ಇಲ್ಲದೆ ಅದರ ಮನಸ್ಸಿಗೆ ಇಳಿಯುತ್ತದೆ. ಆಮೇಲೆ ಪರದೆಯ ಮೇಲೆ ಅದೇ ಮುಖ ಬಂದಾಗ ಗುರುತು ಸಿಗುತ್ತದೆ. ಸಿನಿಮಾ ನೋಡಿದ ಮೇಲೆ ಭಯ ಉಳಿದಿದ್ದರೆ ಮಾರೇಹಳ್ಳಿಗೋ ಮೇಲುಕೋಟೆಗೋ ಹೋಗಿ ಬನ್ನಿ. ಅದೇ ನರಸಿಂಹ ಕೋಪ ಇಳಿದ ಮೇಲೆ ಹೇಗಿರುತ್ತಾನೆ ಎಂದು ಮಗುವೇ ನೋಡಲಿ.

ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನೂ ಮಾತಿಗೆಳೆಯಿರಿ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಅಣ್ಣಾವ್ರು ಗುಡುಗುವುದನ್ನು ಟಾಕೀಸಿನಲ್ಲಿ ನೋಡಿ ಬೆಚ್ಚಿಬಿದ್ದವರು ಈಗ ತಾತಂದಿರಾಗಿದ್ದಾರೆ. ಪರದೆಯ ಮೇಲೆ ಎದುರುಬದುರಾಗಿ ನಿಂತ ಆ ಇಬ್ಬರು ನಿಜಜೀವನದಲ್ಲಿ ಅಪ್ಪ ಮಗ ಎಂದು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಪೌರಾಣಿಕ ನಾಟಕದಲ್ಲಿ ಬಣ್ಣ ಹಚ್ಚಿದವರು ಊರಲ್ಲಿದ್ದರೆ ಇನ್ನೂ ಒಳ್ಳೆಯದು. ದುರ್ಯೋಧನನಾಗಿ ರಾತ್ರಿ ಅಬ್ಬರಿಸಿದ ಮಾವ ಬೆಳಿಗ್ಗೆ ಹಾಲು ಕರೆಯುವುದನ್ನು ಮಗು ನೋಡಿದ್ದರೆ, ವೇಷ ಎಂದರೇನು ಎಂದು ಅದಕ್ಕೆ ಆಗಲೇ ಗೊತ್ತು.

ದೆವ್ವದ ಕಥೆಯ ಸಿನಿಮಾವಾದರೆ ಮಾತು ಬೇರೆ ಇರಲಿ. ತೊಂಬತ್ತರ ದಶಕದಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ಕಾಲವನ್ನು ಕಂಡ ಮನೆಗಳಲ್ಲಿ ಆ ನೆನಪನ್ನು ಆ ವಾರ ತೆಗೆಯಬೇಡಿ. ಪರದೆಯ ದೆವ್ವ ಚಿತ್ರ ಬಿಡಿಸುವವರು ಮಾಡಿದ್ದು, ಅದಕ್ಕೆ ದನಿ ಕೊಟ್ಟವರು ಮನುಷ್ಯರು ಎಂದು ತಿಳಿಸಿ. ಪುಸ್ತಕದ ಮೂಲೆಯಲ್ಲಿ ಪುಟಕ್ಕೊಂದರಂತೆ ಚೆಂಡಿನ ಚಿತ್ರ ಬರೆದು ಸರಸರ ತಿರುವಿ ತೋರಿಸಿದರೆ ಅನಿಮೇಷನ್ ಹೇಗೆ ಚಲಿಸುತ್ತದೆ ಎಂದು ಆರು ವರ್ಷದವರಿಗೂ ಹೊಳೆಯುತ್ತದೆ.

ಕತ್ತಲಲ್ಲಿ ಕೂತ ಮೇಲೆ

ದೀಪ ಆರುವ ಮುಂಚೆಯೇ ಒಳಗೆ ಹೋಗಿ. ಬಾಗಿಲು ಎಲ್ಲಿದೆ, ಶೌಚಾಲಯ ಎಲ್ಲಿದೆ ಎಂದು ಮಗುವಿಗೆ ಕೈ ಮಾಡಿ ತೋರಿಸಿ. ಒಂದು ಗುರುತು ಗೊತ್ತು ಮಾಡಿಕೊಳ್ಳಿ: ಕೈಯನ್ನು ಎರಡು ಸಲ ಒತ್ತಿದರೆ ಹೊರಗೆ ಹೋಗಬೇಕು ಎಂದರ್ಥ. ಹೇಳಿಕೊಳ್ಳಲು ನಾಚುವ ಮಕ್ಕಳಿಗೆ ಇದು ಬಹಳ ಉಪಯೋಗ.

ಭಯದ ದೃಶ್ಯ ಬಂದಾಗ ಕಣ್ಣಿಗಿಂತ ಮೊದಲು ಕಿವಿ ಮುಚ್ಚಿಸಿ. ಭಯವನ್ನು ಎಳೆದು ತರುವುದು ಸಂಗೀತ, ಅದು ತಗ್ಗಿದರೆ ಎಷ್ಟೋ ದೃಶ್ಯ ಬರೀ ಚಿತ್ರವಾಗುತ್ತದೆ. ಎರಡೂ ಅಂಗೈಯಿಂದ ಕಿವಿ ಒತ್ತಿ ಹಿಡಿದು, ಬೇಕಾದಾಗ ಬಿಡುವ ಆಟವನ್ನು ಮನೆಯಲ್ಲೇ ಕಲಿಸಿ. ನೋಡುವುದೋ ಬೇಡವೋ ತನ್ನ ಕೈಯಲ್ಲಿದೆ ಎಂದು ಗೊತ್ತಾದ ಮಗು ತಾನಾಗಿಯೇ ಬೆರಳ ಸಂದಿಯಿಂದ ನೋಡುತ್ತದೆ. ‘ಕಣ್ಣು ಬಿಡೋ, ಏನೂ ಆಗಲ್ಲ’ ಎಂದು ಕೈ ಎಳೆಯುವ ಅಪ್ಪಂದಿರು ದಯವಿಟ್ಟು ಇದನ್ನು ಗಮನಿಸಬೇಕು. ನಮ್ಮ ಕಡೆಯ ಅಜ್ಜಿಯರು ಮಗುವನ್ನು ಎದೆಗೆ ಒತ್ತಿಕೊಂಡು ‘ಹೆದ್ರಬ್ಯಾಡ ಕಣಪ್ಪ, ನಾ ಇವ್ನಿ’ ಎನ್ನುತ್ತಾರಲ್ಲ, ಅಷ್ಟು ಸಾಕು.

ಫಿಟ್ಸ್ ಬರುವ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಿಂಚು, ಬೆಳಕು ಪಟಪಟ ಹೊಡೆಯುವ ದೃಶ್ಯಗಳು ಭಯದ ಸಿನಿಮಾಗಳಲ್ಲಿ ಸಾಮಾನ್ಯ. 2018ರಲ್ಲಿ ‘ಇನ್‌ಕ್ರೆಡಿಬಲ್ಸ್ 2’ ಬಂದಾಗ ಡಿಸ್ನಿ ಸಂಸ್ಥೆಯೇ ಚಿತ್ರಮಂದಿರಗಳಲ್ಲಿ ಎಚ್ಚರಿಕೆ ಫಲಕ ಹಾಕಲು ಹೇಳಬೇಕಾಯಿತು. ಬೆಳಕಿಗೆ ಫಿಟ್ಸ್ ಬರುವ ಮಗುವಾದರೆ ಡಾಕ್ಟರನ್ನು ಕೇಳದೆ ಹೋಗಬೇಡಿ. ಹಠಾತ್ತನೆ ಅಂಥ ದೃಶ್ಯ ಬಂದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖವನ್ನು ಪರದೆಯಿಂದ ತಿರುಗಿಸಿ. ಬರೀ ರೆಪ್ಪೆ ಮುಚ್ಚಿದರೆ ಬೆಳಕು ಒಳಗೆ ಬರುತ್ತಲೇ ಇರುತ್ತದೆ.

ಇಂಟರ್‌ವಲ್ ನಮ್ಮ ದೇಶದ ಚಿತ್ರಮಂದಿರ ಕೊಟ್ಟ ವರ. ಬೆಳಕು ಬಂದ ಕೂಡಲೇ ಪಾಪ್‌ಕಾರ್ನಿಗೆ ಓಡಬೇಡಿ. ಮಗುವನ್ನು ಹೊರಗಿನ ಗಾಳಿಗೆ ಕರೆತಂದು, ಮುಖ ತೊಳೆಸಿ, ‘ಮುಂದೆ ನೋಡ್ತೀಯಾ, ಮನೆಗೆ ಹೋಗವಾ?’ ಎಂದು ನಿಜವಾಗಿ ಕೇಳಿ. ‘ನೋಡ್ತೀಯ ತಾನೆ?’ ಎಂದು ಕೇಳಿದರೆ ಅದು ಕೇಳಿದಂತಲ್ಲ.

ಎದ್ದು ಬರುವುದು ಸೋಲಲ್ಲ

ಮಗು ನಡುಗುತ್ತಿದ್ದರೆ, ಬೆವರುತ್ತಿದ್ದರೆ, ಅಥವಾ ಗಲಾಟೆಯ ಮಗು ಇದ್ದಕ್ಕಿದ್ದಂತೆ ಮೌನವಾಗಿ ಗಟ್ಟಿ ಕೂತುಬಿಟ್ಟರೆ ಎದ್ದುಬಿಡಿ. ಟಿಕೆಟಿನ ದುಡ್ಡು ಹೋದರೆ ಹೋಗಲಿ. ಇಬ್ಬರು ದೊಡ್ಡವರು ಇದ್ದರೆ ಒಬ್ಬರು ಚಿಕ್ಕವನೊಂದಿಗೆ ಹೊರಗೆ, ಒಬ್ಬರು ದೊಡ್ಡವಳೊಂದಿಗೆ ಒಳಗೆ. ಹೊರಗೆ ಯಾರು ಹೋಗುವುದು ಎಂದು ಮನೆಯಲ್ಲೇ ಮಾತಾಡಿಕೊಂಡಿರಿ. ಪ್ರತಿಸಲ ಅಮ್ಮನೇ ಸಿನಿಮಾ ಬಿಟ್ಟು ಎದ್ದು ಹೋಗಬೇಕೆಂದಿಲ್ಲ. ಹೊರಗೆ ಬಂದ ಮೇಲೆ ಕಥೆಯ ಕೊನೆಯನ್ನು ನೀವೇ ಹೇಳಿ ಮುಗಿಸಿ. ಭಯದ ನಡುವೆ ನಿಂತುಹೋದ ಕಥೆ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ, ಪ್ರಹ್ಲಾದ ಉಳಿದ ಎಂಬುದು ಕಿವಿಗೆ ಬೀಳಲೇಬೇಕು.

ಒಳಗೆ ಉಳಿದ ಅಕ್ಕ ತಮ್ಮನನ್ನು ಹೆದರುಪುಕ್ಕಲ ಎಂದು ಅಣಕಿಸದಂತೆ ನೋಡಿಕೊಳ್ಳುವುದೂ ನಿಮ್ಮ ಕೆಲಸವೇ.

ಆ ರಾತ್ರಿ

ಮಲಗುವ ಮುಂಚೆ ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಭಯವಾದದ್ದನ್ನು ಬರೆಯಲು ಹೇಳಿ. ಬರೆದ ರಾಕ್ಷಸನಿಗೆ ಮೀಸೆ ಹಚ್ಚುವುದೋ ಟೋಪಿ ಹಾಕುವುದೋ ಮಗುವಿಗೆ ಬಿಟ್ಟದ್ದು. ದೀಪ ಬೇಕೆಂದರೆ ಇರಲಿ, ಪಕ್ಕದಲ್ಲಿ ಮಲಗಬೇಕೆಂದರೆ ಮಲಗಲಿ. ಮಂಚದ ಕೆಳಗೆ ನೋಡು ಎಂದರೆ ಟಾರ್ಚ್ ಹಿಡಿದು ಒಟ್ಟಿಗೆ ನೋಡಿ.

ಊಟ ಮಾಡದಿದ್ದರೆ ಗುಮ್ಮನನ್ನು ಕರೆಯುತ್ತೇನೆ ಎಂಬ ಮಾತು ಆ ಮನೆಯಿಂದ ಪೂರ್ತಿ ಹೋಗಬೇಕು. ಸಿನಿಮಾದಲ್ಲಿ ಕಂಡದ್ದು ಸುಳ್ಳು ಎಂದು ನೀವೇ ಹೇಳಿ, ಮಾರನೆಯ ದಿನ ಅದನ್ನೇ ಕರೆಯುತ್ತೇನೆಂದರೆ ಮಗು ಯಾವುದನ್ನು ನಂಬಬೇಕು? ಹೆದರಿದ ಮಗುವಿಗೆ ಅಜ್ಜಿ ದೃಷ್ಟಿ ನೀವಾಳಿಸಿದರೆ ನನ್ನ ತಕರಾರಿಲ್ಲ, ಆ ಕೈಗಳ ಅಕ್ಕರೆ ಮಗುವಿಗೆ ಒಳ್ಳೆಯದೇ. ಆದರೆ ‘ಗಾಳಿ ಸೋಕಿದೆ’ ಎಂದು ಮಗುವಿನ ಎದುರೇ ಮಾತಾಡಿ, ಅಂತ್ರ ಕಟ್ಟಿಸಲು ಊರೂರು ಸುತ್ತುವುದು ಬೇಡ. ಸಿನಿಮಾದ ಭಯವನ್ನು ನಿಜವೆಂದು ನಾವೇ ಸಾಬೀತು ಮಾಡಿಕೊಟ್ಟಂತಾಗುತ್ತದೆ.

ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇದೆಲ್ಲ ಇಳಿಯುತ್ತದೆ. ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಒಬ್ಬರೇ ಕೋಣೆಗೆ ಹೋಗದಿದ್ದರೆ, ಶಾಲೆಗೆ ಹೋಗಲು ಹಿಂಜರಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಉಚಿತ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ವೈದ್ಯರನ್ನು ಕಾಣಬಹುದು.

ಮುಂದಿನದಕ್ಕೆ ಈಗಿನಿಂದಲೇ

ನರಸಿಂಹನ ಸಿನಿಮಾವನ್ನು ನಿರ್ದೇಶಿಸಿದವರು ಅಶ್ವಿನ್ ಕುಮಾರ್, ಅರ್ಪಿಸಿದ್ದು ನಮ್ಮದೇ ಹೊಂಬಾಳೆ ಫಿಲ್ಮ್ಸ್. ಅವರು 2037ರವರೆಗೆ ಏಳು ಸಿನಿಮಾಗಳ ಸಾಲನ್ನೇ ಘೋಷಿಸಿದ್ದಾರೆ. ಆ ಪಟ್ಟಿಯಲ್ಲಿ ಎರಡನೆಯದು 2027ಕ್ಕೆಂದು ಹೇಳಿರುವ ‘ಮಹಾವತಾರ್ ಪರಶುರಾಮ್’. ಈ ಕಥೆಯಲ್ಲಿ ಕೋರೆಹಲ್ಲಿನ ರಾಕ್ಷಸನಿಲ್ಲ, ಆದರೆ ಅಪ್ಪನ ಮಾತಿಗೆ ಮಗ ತನ್ನ ತಾಯಿ ರೇಣುಕೆಯ ತಲೆ ಕಡಿಯುತ್ತಾನೆ. ಅದನ್ನು ಪರದೆಯ ಮೇಲೆ ಎಷ್ಟು ತೋರಿಸುತ್ತಾರೋ ಸರ್ಟಿಫಿಕೇಟ್ ಬಂದ ಮೇಲೆ ಅಂದಾಜಾಗುತ್ತದೆ. ಮನೆಯಲ್ಲಿ ಏಳೆಂಟು ವರ್ಷದ ಮಕ್ಕಳಿರುವವರು ಆ ಕಥೆಯನ್ನು, ಅದರಲ್ಲೂ ರೇಣುಕೆ ಮತ್ತೆ ಬದುಕಿ ಬರುವ ಭಾಗವನ್ನು, ಈಗಿನಿಂದಲೇ ಮಲಗುವ ಹೊತ್ತಿಗೆ ಹೇಳಲು ಶುರುಮಾಡಬಹುದು. ರೇಣುಕಾ ಎಲ್ಲಮ್ಮನ ಗುಡಿ ಊರಿನಲ್ಲಿದ್ದರೆ ಅಲ್ಲಿಂದಲೇ ಆರಂಭಿಸಿ.